ಗೋಧಿಯಿಂದ ಬೆಳೆದ ಚಿಕಾಗೋ

ನಮ್ಮ ಕಡೆ ಶಾಲೆ ಮಕ್ಕಳಿಗೆ ಚಿಕಾಗೋ ಅಂದ್ರ ಸ್ವಾಮಿ ವಿವೇಕಾನಂದರು ನೆನಪಿಗೆ ಬರ್ತಾರ. 1893ರ ಸೆಪ್ಟೆಂಬರ್ 11ರಂದು ಅವರು ಅಲ್ಲಿ ಮಾತಾಡಿದ್ದನ್ನು ಗುರುಗಳು ಪಾಠದಾಗ ಹೇಳೇ ಹೇಳ್ತಾರ. ಆದರೆ ಆ ಸಮ್ಮೇಳನ ನ್ಯೂಯಾರ್ಕಿನಂಥ ದೊಡ್ಡ ಊರು ಬಿಟ್ಟು ಚಿಕಾಗೋದಲ್ಲೇ ಯಾಕಾಯ್ತು? ಇದಕ್ಕೆ ಉತ್ತರ ಗೋಧಿ ಚೀಲದಾಗ ಐತಿ.

ಅಮೆರಿಕದ ಊರುಗಳಲ್ಲಿ ನ್ಯೂಯಾರ್ಕ್ ದೊಡ್ಡಣ್ಣ. ರಾಜಧಾನಿ 1790ರಿಂದ 1800ರವರೆಗೆ ಫಿಲಡೆಲ್ಫಿಯಾದಲ್ಲಿತ್ತು, ಆಮೇಲೆ ವಾಷಿಂಗ್ಟನ್ನಿಗೆ ಹೋಯ್ತು. ಅಧಿಕಾರ ಅಲ್ಲಿಗೆ ಹೋದರೂ ದುಡ್ಡು ಮಾತ್ರ ನ್ಯೂಯಾರ್ಕಿನಲ್ಲೇ ಉಳೀತು. 1825ರಲ್ಲಿ ಈರೀ ಕಾಲುವೆ ಮುಗಿಯಿತು, ಉದ್ದ 363 ಮೈಲಿ. ಹೊಲಕ್ಕೆ ನೀರು ಹಾಯಿಸೋ ಕಾಲುವೆ ಅಲ್ಲ ಅದು, ದೋಣಿ ಕಾಲುವೆ. ಕುದುರೆ, ಹೇಸರಗತ್ತೆ ದಂಡೆ ಮೇಲೆ ನಡೆದು ಹಗ್ಗ ಕಟ್ಟಿ ದೋಣಿ ಎಳೀತಿದ್ದವು. ಒಳನಾಡಿನ ಕಾಳು ಅಗ್ಗದ ಬಾಡಿಗೆಯಲ್ಲಿ ಆ ಊರಿನ ಬಂದರಿಗೆ ಬಂತು.

ಒಳನಾಡಿನ ಯಜಮಾನಿಕೆಗೆ ಮಾತ್ರ ಪೈಪೋಟಿ ಜೋರಿತ್ತು. ಮಿಸಿಸಿಪ್ಪಿ ಹೊಳೆ ದಂಡೆಯ ಸೇಂಟ್ ಲೂಯಿಸ್ ಹಳೇ ಗೌಡ, ಚಿಕಾಗೋ ನಿನ್ನೆ ಮೊನ್ನೆಯ ಹುಡುಗ. 1850ರಲ್ಲಿ ಸೇಂಟ್ ಲೂಯಿಸಿನಲ್ಲಿ 77 ಸಾವಿರದ ಮೇಲೆ ಜನ, ಚಿಕಾಗೋದಲ್ಲಿ ಸುಮಾರು 30 ಸಾವಿರ. ಸೇಂಟ್ ಲೂಯಿಸಿನವರು ಹೊಳೆಯನ್ನೂ ಹಬೆ ದೋಣಿಯನ್ನೂ ನಂಬಿದ್ದರು. ಚಿಕಾಗೋದವರು ರೈಲು ನಂಬಿದರು. 1856ರಲ್ಲಿ ರಾಕ್ ಐಲೆಂಡ್ ಎಂಬಲ್ಲಿ ಮಿಸಿಸಿಪ್ಪಿಗೆ ಮೊದಲ ರೈಲು ಸೇತುವೆ ಬಿತ್ತು. ಹದಿನೈದು ದಿನದಾಗ ಒಂದು ಹಬೆ ದೋಣಿ ಬಂದು ಅದರ ಕಂಬಕ್ಕೆ ಬಡಿದು ಸುಟ್ಟುಹೋಯ್ತು, ಸೇತುವೆಗೂ ಬೆಂಕಿ ಹತ್ತಿತು. ದೋಣಿಯವರು ಕೋರ್ಟಿಗೆ ಹೋದರು. ಸೇತುವೆ ಪರವಾಗಿ ನಿಂತ ವಕೀಲರು ಯಾರು ಗೊತ್ತೇನ್ರಿ? ಮುಂದೆ ಅಧ್ಯಕ್ಷರಾದ ಅಬ್ರಹಾಂ ಲಿಂಕನ್ನರು! ಹೊಳೆಗುಂಟ ಹೋಗೋರಿಗೆ ಎಷ್ಟು ಹಕ್ಕೈತೋ, ಹೊಳೆ ದಾಟೋರಿಗೂ ಅಷ್ಟೇ ಹಕ್ಕೈತಿ ಅನ್ನೋದು ಅವರ ವಾದದ ತಿರುಳು. ಜ್ಯೂರಿಯವರಲ್ಲಿ ಒಮ್ಮತ ಬರಲಿಲ್ಲ, ಸೇತುವೆ ಉಳೀತು. 1861ರಿಂದ ಒಳಯುದ್ಧ ನಡೆದಾಗ ತೆಂಕಣ ಮಿಸಿಸಿಪ್ಪಿ ವ್ಯಾಪಾರ ನಿಂತು ಸೇಂಟ್ ಲೂಯಿಸಿಗೆ ಪೆಟ್ಟು ಬಿತ್ತು. ಆ ಊರಿನವರು ತಮ್ಮ ಹೊಳೆಗೆ ಸೇತುವೆ ಕಟ್ಟಿ ಮುಗಿಸೋ ಹೊತ್ತಿಗೆ 1874 ಆಗಿತ್ತು. 1880ರ ಗಣತಿಯಲ್ಲಿ ಚಿಕಾಗೋ 5 ಲಕ್ಷ ದಾಟಿತ್ತು, ಸೇಂಟ್ ಲೂಯಿಸ್ ಮೂರೂವರೆ ಲಕ್ಷ.

ನಡುವೆ 1871ರಲ್ಲಿ ಚಿಕಾಗೋಗೆ ಬೆಂಕಿ ಬಿದ್ದು ಸುಮಾರು 1 ಲಕ್ಷ ಜನ ಮನೆ ಕಳಕೊಂಡರು. ಆದರೂ ಊರು ಮತ್ತೆ ಎದ್ದಿತು, ಯಾಕಂದ್ರ ಕಾಳು ಬರೋದು ನಿಲ್ಲಲಿಲ್ಲ. 1890ಕ್ಕೆ ಜನಸಂಖ್ಯೆ 11 ಲಕ್ಷದ ಹತ್ತಿರ, ಫಿಲಡೆಲ್ಫಿಯಾವನ್ನು ಹಿಂದೆ ಹಾಕಿ ದೇಶಕ್ಕೇ ಎರಡನೇ ಊರು. ಕೊಲಂಬಸನ ಹೆಸರಿನ ಜಾಗತಿಕ ಮೇಳ ನಮಗೇ ಬೇಕು ಅಂತ ನ್ಯೂಯಾರ್ಕೂ ಸೇಂಟ್ ಲೂಯಿಸೂ ಹಟ ಹಿಡಿದವು. ಅದೇ ವರ್ಷ ಅಮೆರಿಕದ ಸಂಸತ್ತು ಚಿಕಾಗೋಗೆ ಕೊಟ್ಟಿತು. ಆ ಮೇಳದ ಅಂಗವಾಗಿಯೇ ಸರ್ವಧರ್ಮ ಸಮ್ಮೇಳನ ನಡೆದದ್ದು.

ಇಷ್ಟು ಮರ್ಯಾದೆ ತಂದ ಗೋಧಿ ಬೆಳೆದವರ ಪಾಡು ಏನಾಯ್ತು? ಮೊದಲು ರೈತನ ಗೋಧಿ ಅವನ ಚೀಲದಾಗೇ ಇರ್ತಿತ್ತು, ಮಾರೋ ತನಕ ಅವನದೇ. ಆಮೇಲೆ ಎಲಿವೇಟರ್ ಅನ್ನೋ ದೊಡ್ಡ ಕಣಜ ಬಂದವು. ನಮ್ಮ ಹಗೇವು ನೆಲದೊಳಗ, ಅವರದು ಮುಗಿಲಿಗೆ. ಹಬೆಯಂತ್ರದಿಂದ ಕಾಳು ಮೇಲೆತ್ತಿ, ಎಲ್ಲರದನ್ನೂ ಬೆರೆಸಿ ಸುರಿದು, ಒಂದನೇ ನಂಬರು, ಎರಡನೇ ನಂಬರು ಅಂತ ರಸೀದಿ ಕೊಡ್ತಿದ್ದರು. 1848ರಲ್ಲಿ ಶುರುವಾದ ವ್ಯಾಪಾರ ಮಂಡಳಿಯಲ್ಲಿ ಆ ರಸೀದಿಯನ್ನೇ ಮಾರೋದು, ಕೊಳ್ಳೋದು. ಕಾಳು ಕಣ್ಣಿಗೆ ಬೀಳದಿದ್ದರೂ ವ್ಯಾಪಾರ! ನಂಬರು ಹಾಕೋದು ಯಾರು, ಬಾಡಿಗೆ ಕಟ್ಟೋದು ಯಾರು ಅನ್ನೋದರಾಗ ರೈತನ ಹೊಟ್ಟೆ ಐತಿ. ಆದವಾನಿ ಮಾರ್ಕೆಟ್ಟಿಗೆ ಹತ್ತಿ ಒಯ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1874ರಲ್ಲಿ ಚಿಕಾಗೋದಲ್ಲಿದ್ದ ಇಂಥ 14 ಕಣಜ 9 ಕಂಪನಿಗಳ ಕೈಯಾಗಿದ್ದವು. ಅವರು ಕೂಡಿ ಕುಂತು ಬಾಡಿಗೆ ಗೊತ್ತು ಮಾಡ್ತಿದ್ದರು.

ರೈತರು ಸುಮ್ಮನಿರಲಿಲ್ಲ. ಸಂಘ ಕಟ್ಟಿದರು, ಕೂಗೆಬ್ಬಿಸಿದರು. 1871ರಲ್ಲಿ ಇಲಿನಾಯ್ ರಾಜ್ಯ ಸರಕಾರ ಬಾಡಿಗೆಗೆ ಮಿತಿ ಹಾಕಿ ಕಾನೂನು ತಂದಿತು. ಮನ್ ಮತ್ತು ಸ್ಕಾಟ್ ಎಂಬ ಕಣಜದ ಮಾಲಿಕರು ಲೈಸೆನ್ಸ್ ತಗೊಳ್ಳಲಿಲ್ಲ, ಅವರಿಗೆ 100 ಡಾಲರ್ ದಂಡ ಬಿತ್ತು. ನಮ್ಮ ಆಸ್ತಿ, ನಮ್ಮ ಬಾಡಿಗೆ, ನೀವ್ಯಾರು ಕೇಳೋಕೆ ಅಂತ ಅವರು ಸುಪ್ರೀಂ ಕೋರ್ಟಿನವರೆಗೂ ಹೋದರು. ಜನರೆಲ್ಲ ಆ ಕಣಜದ ಮುಂದೆಯೇ ಹಾಯ್ದು ಹೋಗಬೇಕಾದಾಗ ಅದು ಬರೀ ನಿಮ್ಮ ಸೊತ್ತಾಗಿ ಉಳಿಯೋದಿಲ್ಲ, ಸರಕಾರ ದರ ಕಟ್ಟಬಹುದು ಅಂತ 1877ರಲ್ಲಿ ತೀರ್ಪು ಬಂತು. ಏಳು ನ್ಯಾಯಮೂರ್ತಿಗಳು ಕಾನೂನಿನ ಕಡೆ, ಇಬ್ಬರು ವಿರುದ್ಧ.