ಕೊನೆಯ ಪುಟದ ವಿಮರ್ಶಕರು

ಟಿವಿ ಇನ್ನೂ ಮನೆಮನೆಗೆ ಬಾರದ ದಿನಗಳಲ್ಲಿ ಬೆಂಗಳೂರಿನ ಬಸವೇಶ್ವರನಗರ, ರಾಜಾಜಿನಗರದಂಥ ಬಡಾವಣೆಗಳ ಓದು ಬಹುಪಾಲು ನಡೆದದ್ದು ಸರ್ಕ್ಯುಲೇಟಿಂಗ್ ಲೈಬ್ರರಿಗಳ ಆಸರೆಯಲ್ಲಿ. ಒಂದು ಮಳಿಗೆ, ಗೋಡೆತುಂಬ ಕಪಾಟು. ಠೇವಣಿ ಕಟ್ಟಿದರೆ ಬಾಡಿಗೆಗೆ ಕಾದಂಬರಿ ಸಿಗುತ್ತಿತ್ತು. ರಟ್ಟು ಹಾಕಿ ದಪ್ಪ ದಾರದಲ್ಲಿ ಹೊಲಿದ ಪುಸ್ತಕ. ಒಳಗೆ ಅಂಟಿಸಿದ ಚೀಟಿಯಲ್ಲಿ ತಾರೀಖಿನ ಮುದ್ರೆಗಳ ಸಾಲು. ಮುದ್ರೆ ಹೆಚ್ಚಿದ್ದಷ್ಟೂ ಪುಸ್ತಕಕ್ಕೆ ಮರ್ಯಾದೆ.

ನಿಜವಾದ ವಿಮರ್ಶೆ ಇರುತ್ತಿದ್ದದ್ದು ಕೊನೆಯ ಪುಟದಲ್ಲಿ, ಪೆನ್ಸಿಲಿನಲ್ಲಿ. ‘ಬೋರು’ ಎಂದು ಒಬ್ಬರು ಗೀಚಿದರೆ, ಅದರ ಕೆಳಗೇ ‘ನಿಮಗೆ ಅರ್ಥವಾಗಿಲ್ಲ’ ಎಂದು ಇನ್ನೊಬ್ಬರು. ಪತ್ತೇದಾರಿಯ ಕೊಲೆಗಾರನ ಹೆಸರನ್ನು ಮೊದಲ ಪುಟದಲ್ಲೇ ಬರೆದಿಡುವ ಪಾಪಿಗಳೂ ಇದ್ದರು.

ಸರ್ಕಾರಿ ಗ್ರಂಥಾಲಯದ ದಾರಿ ಬೇರೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಮೇಲೆ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವೂ ಸೇರಿತು. ಓದದವರೂ ಓದುವವರ ಖರ್ಚಿಗೆ ಹೆಗಲು ಕೊಟ್ಟರು. ಅದೇ ವರ್ಷ ‘ಸುಧಾ’ ವಾರಪತ್ರಿಕೆ ಹೊರಟಿತು. ಧಾರಾವಾಹಿಯ ಮುಂದಿನ ಕಂತು ಬರುವ ತನಕ ಅಭಿಪ್ರಾಯ ಹೇಳಲು ಓದುಗರಿಗೆ ಇಡೀ ವಾರ ಸಿಗುತ್ತಿತ್ತು.

ಈ ಓದುಗರ ನಡುವೆ ವಿಜ್ಞಾನದ ಕಥೆಗಳ ಪಾಡು ಮಾತ್ರ ವಿಚಿತ್ರ. ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ಆ ಪ್ರಕಾರವನ್ನೇ ಹಿಡಿದು ಬರೆದರೂ ಸಾಮಾಜಿಕ ಕಾದಂಬರಿಗಳ ಜನಪ್ರಿಯತೆ ಅವಕ್ಕೆ ಒಲಿಯಲಿಲ್ಲ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ ರಾಕೆಟ್ಟೂ ಇಲ್ಲ, ಅನ್ಯಗ್ರಹವೂ ಇಲ್ಲ, ಇರುವುದು ಜೇನುಪೆಟ್ಟಿಗೆ, ಮಂದಣ್ಣನೆಂಬ ಹಳ್ಳಿಗ, ಒಂದು ಹಾರುವ ಓತಿ. ಅದನ್ನು ವೈಜ್ಞಾನಿಕ ಕಾದಂಬರಿ ಎನ್ನಬಹುದೇ? ಖಂಡಿತ ಎನ್ನಬಹುದು. ಆದರೆ ಅದನ್ನು ಮುಗಿಸಿದವರು ಮೊದಲು ಮಾತೆತ್ತುವುದು ಮಂದಣ್ಣನ ಬಗ್ಗೆ, ಓತಿಯ ಸರದಿ ಆಮೇಲೆ.