ಸಣ್ಣ ಅಂಗಡಿಗೆ ಫೋಟೊ ತಂತ್ರಾಂಶ: ಕಳ್ಳಪ್ರತಿಯೂ ಬೇಡ, ಸಾಲವೂ ಬೇಡ

ಕುಂಬಳೆ, ಉಪ್ಪಳ, ಬದಿಯಡ್ಕ, ಪೆರ್ಲ - ಯಾವ ಪೇಟೆಗೆ ಹೋದರೂ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಒಂದು ಸ್ಟುಡಿಯೋ, ಒಂದು ಜೆರಾಕ್ಸ್-ಡಿಟಿಪಿ ಅಂಗಡಿ ಇದ್ದೇ ಇರುತ್ತದೆ. ಪಾಸ್‌ಪೋರ್ಟ್ ಫೋಟೊ, ಮದುವೆ ಆಲ್ಬಮ್, ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನ ಬಯಲಾಟದ ಕರಪತ್ರ ಎಲ್ಲವೂ ಅಲ್ಲೇ ತಯಾರಾಗುತ್ತವೆ. ಇಂಥ ಎಷ್ಟೋ ಕಂಪ್ಯೂಟರ್‌ಗಳಲ್ಲಿರುವುದು ಪರಿಚಯದವರು ಪೆನ್‌ಡ್ರೈವ್‌ನಲ್ಲಿ ತಂದು ಹಾಕಿಕೊಟ್ಟ ಫೋಟೊಶಾಪ್. ಬಿಲ್ಲಿಲ್ಲ, ಲೈಸೆನ್ಸ್ ಇಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಮದುವೆಯ ಆಲ್ಬಮ್ ಇಂಥದೇ ಒಂದು ಅಂಗಡಿಯಲ್ಲಿ ಅರ್ಧ ಮುಗಿದಿತ್ತು. ಕ್ರ್ಯಾಕ್ ಫೈಲಿನ ಜೊತೆ ಬಂದ ವೈರಸ್ ಎಲ್ಲ ಫೈಲುಗಳಿಗೂ ಬೀಗ ಹಾಕಿಬಿಟ್ಟಿತು. ನಮ್ಮದಲ್ಲದೆ ಇನ್ನೆರಡು ಮದುವೆಯ ಫೋಟೊಗಳೂ ಹೋದವು. "ಅಣ್ಣಾ, ದುಡ್ಡಾದರೆ ವಾಪಸು ಕೊಡಬಹುದು, ಮದುವೆ ಇನ್ನೊಮ್ಮೆ ಮಾಡಿಸಲಿಕ್ಕೆ ಆಗುತ್ತದಾ?" ಎಂದು ಅಂಗಡಿಯವರು ತಲೆಮೇಲೆ ಕೈಹೊತ್ತು ಕೂತಿದ್ದರು.

ಕಾನೂನು ಏನು ಹೇಳುತ್ತದೆ?

1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ, ಕಳ್ಳಪ್ರತಿ ಎಂದು ತಿಳಿದೂ ತಂತ್ರಾಂಶ ಬಳಸಿದರೆ ಕನಿಷ್ಠ 7 ದಿನಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸದವರಿಗೆ ನ್ಯಾಯಾಲಯ ಸೆರೆವಾಸದಿಂದ ರಿಯಾಯಿತಿ ಕೊಡಬಹುದು. ಅಂಗಡಿ ನಡೆಸುವವರಿಗೆ ಆ ರಿಯಾಯಿತಿ ಇಲ್ಲ.

ಮೊದಲು ಕೆಲಸದ ಪಟ್ಟಿ ಮಾಡಿ

ತಂತ್ರಾಂಶದ ಹೆಸರು ಕೇಳುವ ಮೊದಲು ನಿಮ್ಮ ಅಂಗಡಿಗೆ ದಿನಾ ಬರುವ ಕೆಲಸ ಯಾವುದೆಂದು ಬರೆದಿಟ್ಟುಕೊಳ್ಳಿ. 35x45 ಮಿ.ಮೀ. ಅಳತೆಯ ಪಾಸ್‌ಪೋರ್ಟ್ ಫೋಟೊ 300 ಡಿಪಿಐಯಲ್ಲಿ ಸುಮಾರು 413x531 ಪಿಕ್ಸೆಲ್ ಆಗುತ್ತದೆ. 4x6 ಇಂಚಿನ ಒಂದು ಹಾಳೆಯಲ್ಲಿ ಅಂಥ 8 ಹಿಡಿಸುತ್ತವೆ. ಹಿನ್ನೆಲೆ ಬಿಳಿ ಮಾಡುವುದು, ಮುಖದ ಕಲೆ ತೆಗೆಯುವುದು, ಹಳೆಯ ಫೋಟೊ ತಿದ್ದುವುದು - ಇಷ್ಟಕ್ಕೆ ದುಬಾರಿ ತಂತ್ರಾಂಶ ಬೇಕಾಗಿಲ್ಲ.

ಯಾವುದು ಯಾರಿಗೆ?

* ಜಿಂಪ್: ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಆರಂಭಿಸಿದ ಸ್ವತಂತ್ರ ತಂತ್ರಾಂಶ. ಪೂರ್ತಿ ಉಚಿತ, ವ್ಯಾಪಾರಕ್ಕೂ ಬಳಸಬಹುದು. 2025ರಲ್ಲಿ 3.0 ಆವೃತ್ತಿ ಬಂದಿದೆ. ಸ್ಟುಡಿಯೋದ ದಿನನಿತ್ಯದ ಕೆಲಸಕ್ಕೆ ಧಾರಾಳ ಸಾಕು.
* ಇಂಕ್‌ಸ್ಕೇಪ್: ಲೋಗೋ, ವಿಸಿಟಿಂಗ್ ಕಾರ್ಡ್, ಬ್ಯಾನರ್ ವಿನ್ಯಾಸಕ್ಕೆ. ಇದೂ ಸ್ವತಂತ್ರ ತಂತ್ರಾಂಶ.
* ಕ್ರಿಟಾ: ಚಿತ್ರ ಬಿಡಿಸುವವರಿಗೆ. ಆಫ್‌ಸೆಟ್ ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬಣ್ಣಪದ್ಧತಿ ಇದರಲ್ಲಿದೆ. ಜಿಂಪ್‌ನಲ್ಲಿ ಆ ಸೌಲಭ್ಯ ಸೀಮಿತ.
* ಫೋಟೊಪಿಯಾ: ಬ್ರೌಸರ್‌ನಲ್ಲೇ ನಡೆಯುತ್ತದೆ, ಜಾಹೀರಾತಿನೊಂದಿಗೆ ಉಚಿತ. ಗಿರಾಕಿ ತಂದ ಪಿಎಸ್‌ಡಿ ಫೈಲು ತೆರೆಯಲು ಬಹಳ ಅನುಕೂಲ.
* ಅಫಿನಿಟಿ: ಮೊದಲು ಹಣ ಕೊಟ್ಟು ಕೊಳ್ಳಬೇಕಿತ್ತು. 2024ರಲ್ಲಿ ಕ್ಯಾನ್ವಾ ಸಂಸ್ಥೆ ಇದನ್ನು ಕೊಂಡುಕೊಂಡಿತು. 2025ರ ಅಕ್ಟೋಬರ್‌ನಿಂದ ಕ್ಯಾನ್ವಾ ಖಾತೆ ಇದ್ದವರಿಗೆ ಉಚಿತ.
* ಫೋಟೊಶಾಪ್: ಒಮ್ಮೆ ಕೊಂಡು ಇಟ್ಟುಕೊಳ್ಳುವ ಕಾಲ 2012ರ ಸಿಎಸ್6 ಆವೃತ್ತಿಗೇ ಮುಗಿಯಿತು. ಈಗ ಚಂದಾ ಕಟ್ಟಬೇಕು. ನಗರದ ಲ್ಯಾಬ್‌ಗಳ ಜೊತೆ ಪಿಎಸ್‌ಡಿ ಫೈಲುಗಳ ವ್ಯವಹಾರ ದಿನಾ ಇದ್ದವರಿಗೆ ಈ ಖರ್ಚು ಗಿಟ್ಟೀತು. ಬಿಲ್ಲು ಅಂಗಡಿಯ ಹೆಸರಿನಲ್ಲೇ ಇರಲಿ.

'ಉಚಿತ' ಎಂಬ ಪದ ನಂಬಿ ಮೋಸಹೋಗಬೇಡಿ

ಮನೆಯವರಿಗೆ ಉಚಿತವಾದದ್ದೆಲ್ಲ ಅಂಗಡಿಗೂ ಉಚಿತವಲ್ಲ. ಬಹಳ ಜನ ಬಳಸುವ ಇರ್ಫಾನ್‌ವ್ಯೂ ಸ್ವಂತ ಬಳಕೆಗೆ ಮಾತ್ರ ಉಚಿತ, ವ್ಯಾಪಾರಕ್ಕೆ ಬಳಸಿದರೆ ಲೈಸೆನ್ಸ್ ಕೊಳ್ಳಬೇಕು. ಪೇಂಟ್ ಡಾಟ್ ನೆಟ್‌ನ ವೆಬ್‌ಸೈಟಿನಲ್ಲಿ ಸಿಗುವ ಪ್ರತಿ ವ್ಯಾಪಾರಕ್ಕೂ ಉಚಿತ. ಹಾಕಿಕೊಳ್ಳುವ ಮೊದಲು ಲೈಸೆನ್ಸ್ ಪುಟದಲ್ಲಿ 'ಕಮರ್ಷಿಯಲ್' ಎಂಬ ಪದ ಹುಡುಕಿ ಓದಿ. ತಂತ್ರಾಂಶವನ್ನು ಅದರ ಮೂಲ ಸೈಟಿನಿಂದಲೇ ಇಳಿಸಿಕೊಳ್ಳಿ.

ಒತ್ತಕ್ಷರದ ಪರೀಕ್ಷೆ

ನಮ್ಮಂಥ ಗಡಿನಾಡಿನವರಿಗೆ ಇದೇ ಮುಖ್ಯ. ಒಂದೇ ಕರಪತ್ರದಲ್ಲಿ ಕನ್ನಡವೂ ಬೇಕು, ಮಲಯಾಳವೂ ಬೇಕು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಬರೆದದ್ದು ಬೇರೆ ಕಂಪ್ಯೂಟರ್‌ಗೆ ಹೋದರೆ ಅರ್ಥವಿಲ್ಲದ ಗುರುತುಗಳಾಗುತ್ತದೆ. ಹಳೆಯ ಫೋಟೊಶಾಪ್‌ಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಒಡೆದು ಬೀಳುತ್ತಿದ್ದವು. ಅಫಿನಿಟಿಯ ಹಳೆಯ ಆವೃತ್ತಿಗಳಲ್ಲೂ ಇದೇ ತೊಂದರೆ. ಜಿಂಪ್ ಮತ್ತು ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತದೆ.

ಯಾವ ತಂತ್ರಾಂಶವೇ ಆಗಲಿ, ಮೊದಲು 'ಸ್ತ್ರೀ', 'ಕ್ಷೇತ್ರ', 'ಅರ್ಘ್ಯ' ಎಂದು ಟೈಪಿಸಿ ನೋಡಿ. ಸರಿ ಬಂದರೆ ಮುಂದುವರಿಯಿರಿ. ಫಾಂಟುಗಳಿಗೂ ಲೈಸೆನ್ಸ್ ಉಂಟು ಎಂಬುದು ನೆನಪಿರಲಿ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದವು ಮುದ್ರಣಕ್ಕೂ ಮುಕ್ತ. ನೋಟೋ ಮಲಯಾಳ, ತಮಿಳು, ತೆಲುಗು, ಮರಾಠಿಗೂ ಸಿಗುವುದರಿಂದ ಹೊಸೂರು, ಆದೋನಿ, ಸೊಲ್ಲಾಪುರದವರಿಗೂ ಉಪಯೋಗ.

ಕಲಿಸುವವರು ಮನೆಯಲ್ಲೇ ಇದ್ದಾರೆ

"ಹೊಸದು ಕಲಿಯುವುದು ಯಾರು?" ಎಂಬುದು ಅಂಗಡಿಯವರ ಮಾಮೂಲು ಪ್ರಶ್ನೆ. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೂ ಸ್ವತಂತ್ರ ತಂತ್ರಾಂಶವೇ ಬಳಕೆಯಲ್ಲಿದೆ. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸಂಸ್ಥೆಯಾಯಿತು. ಹೈಸ್ಕೂಲಿನ ಐಸಿಟಿ ಪಾಠಗಳಲ್ಲಿ ಜಿಂಪ್, ಇಂಕ್‌ಸ್ಕೇಪ್ ಬರುತ್ತವೆ. ಅಂದರೆ ಅಪ್ಪ ಅಂಗಡಿಯಲ್ಲಿ ಕಳ್ಳಪ್ರತಿ ಒತ್ತುತ್ತಿರುವಾಗ ಮಗಳು ಶಾಲೆಯಲ್ಲಿ ಅಸಲಿ ಕಲಿಯುತ್ತಿರುತ್ತಾಳೆ!

ಒಂದೇ ದಿನದಲ್ಲಿ ಎಲ್ಲ ಬದಲಾಯಿಸಲು ಹೊರಡಬೇಡಿ. ಮೊದಲ ವಾರ ಪಾಸ್‌ಪೋರ್ಟ್ ಫೋಟೊ ಮಾತ್ರ ಜಿಂಪ್‌ನಲ್ಲಿ ಮಾಡಿ. ಅದು 'ಸೇವ್' ಎಂದರೆ ತನ್ನದೇ ಎಕ್ಸ್‌ಸಿಎಫ್ ಫೈಲು ಮಾಡುತ್ತದೆ, ಜೆಪೆಗ್ ಬೇಕಿದ್ದರೆ 'ಎಕ್ಸ್‌ಪೋರ್ಟ್' ಒತ್ತಬೇಕು. ಎಲ್ಲರೂ ಎಡವುವುದು ಇಲ್ಲೇ. ಹಳೆಯ ಪಿಎಸ್‌ಡಿ ಫೈಲುಗಳ ಜೆಪೆಗ್ ಪ್ರತಿ ತೆಗೆದಿಡಿ, ಜಿಂಪ್‌ನಲ್ಲಿ ತೆರೆದಾಗ ಕೆಲವು ಎಫೆಕ್ಟ್‌ಗಳು ತಪ್ಪಿಹೋಗಬಹುದು. ಹೊಸ ವಿನ್ಯಾಸ ಮುದ್ರಣಕ್ಕೆ ಕೊಡುವ ಮೊದಲು ಪ್ರೆಸ್ಸಿನವರಿಗೆ ಯಾವ ಫೈಲು ಬೇಕೆಂದು ಕೇಳಿಕೊಳ್ಳಿ.

ಕೊನೆಗೊಂದು ಮಾತು. ಗಿರಾಕಿಯ ಫೋಟೊಗಳನ್ನು ಇನ್ನೊಂದು ಹಾರ್ಡ್‌ಡಿಸ್ಕ್‌ನಲ್ಲೂ ಇಡಿ, ಕೆಲಸ ಮುಗಿದ ಮೇಲೆ ಅದನ್ನು ಕಂಪ್ಯೂಟರ್‌ನಿಂದ ಕಳಚಿಡಿ. ತಂತ್ರಾಂಶ ಮತ್ತೆ ಹಾಕಿಕೊಳ್ಳಬಹುದು. ತಾಳಿ ಕಟ್ಟಿದ ಆ ಕ್ಷಣ ಮತ್ತೆ ಸಿಗುವುದಿಲ್ಲ.