ಶಬ್ದದಿಂದ ಶಬ್ದಶಮನ

ಶಬ್ದವನ್ನು ಶಬ್ದದಿಂದಲೇ ಅಡಗಿಸುವ ವಿದ್ಯೆಯು 1978ರಲ್ಲಿ ಅಮರ್ ಬೋಸರು ಜ್ಯೂರಿಕ್ಕಿನಿಂದ ಬಾಸ್ಟನ್ನಿಗೆ ಕೈಕೊಂಡ ವಿಮಾನಪ್ರಯಾಣದಲ್ಲಿ ಜನ್ಮತಾಳಿತೆಂಬ ಪ್ರತೀತಿಯುಂಟು. ಕಿವಿಗೆ ಧರಿಸುವ ಉಪಕರಣದ ಮಟ್ಟಿಗೆ ಆ ಕೀರ್ತಿಯು ಭಾಗಶಃ ನ್ಯಾಯವಾದುದು. ಆದರೆ ತತ್ತ್ವದ ಮೂಲವನ್ನರಸುವವರು ಕಡೆಯ ಪಕ್ಷ 45 ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಜರ್ಮನಿಯ ಪೌಲ್ ಲ್ಯೂಗನು 1933ರ ಜನವರಿಯಲ್ಲಿ ಸ್ವದೇಶದಲ್ಲಿ ಹಕ್ಕುಪತ್ರಕ್ಕೆ ಅರ್ಜಿಯನ್ನು ಸಲ್ಲಿಸಿದನು. ಅಮೆರಿಕದಲ್ಲಿ 2,043,416ನೆಯ ಹಕ್ಕುಪತ್ರವು 1936ರ ಜೂನ್ 9ರಂದು ಆತನಿಗೆ ದೊರೆಯಿತು. ಹೀಗಿದ್ದೂ ಆತನ ಹೆಸರು ಮರೆಗೆ ಸಂದುದೇಕೆಂಬುದು ವಿಚಾರಾರ್ಹವಾಗಿದೆ.

ಒಂದು ಅಲೆಯ ಉಬ್ಬಿನ ಮೇಲೆ ಸಮಪ್ರಮಾಣದ ಇನ್ನೊಂದರ ತಗ್ಗು ಬಿದ್ದರೆ ಎರಡೂ ಅಲ್ಲಿ ಲಯವಾಗುವುವೆಂಬುದು ಹೊಸ ಮಾತಲ್ಲ. ಥಾಮಸ್ ಯಂಗನು 19ನೆಯ ಶತಮಾನದ ಆದಿಯಲ್ಲಿಯೇ ಅದನ್ನು ನಿರೂಪಿಸಿದ್ದನು. ಲ್ಯೂಗನ ಸ್ವಂತಿಕೆಯಿರುವುದು ಬೇರೆಡೆಯಲ್ಲಿ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಸಾಗುವುದು. ತಂತಿಯಲ್ಲಿ ವಿದ್ಯುತ್ಸಂಕೇತವು ಅದಕ್ಕಿಂತ ಲಕ್ಷಾಂತರ ಪಾಲು ಬೇಗನೆ ಓಡುವುದು. ಆದಕಾರಣ ಕೊಳವೆಯೊಳಗಣ ಸದ್ದನ್ನು ಮೈಕ್ರೊಫೋನೊಂದು ಮೊದಲೇ ಹಿಡಿದು ಸುದ್ದಿ ಮುಟ್ಟಿಸಿದರೆ, ಸದ್ದು ತಾನು ಬಂದು ಸೇರುವಷ್ಟರಲ್ಲಿ ಮುಂದಿರುವ ಲೌಡ್‌ಸ್ಪೀಕರು ಪ್ರತಿಯಲೆಯೊಡನೆ ಸಿದ್ಧವಾಗಿರಬಲ್ಲದು. ಮುಳ್ಳಿನಿಂದ ಮುಳ್ಳನ್ನು ತೆಗೆಯುವ ಉಪಾಯವಿದು.

ಉಪಾಯವು ಸರಿ, ಕೈಗೂಡುವುದು ಕಷ್ಟ. ಪ್ರಮಾಣದಲ್ಲಾಗಲಿ ಕಾಲದಲ್ಲಾಗಲಿ ಸ್ವಲ್ಪ ತಪ್ಪಿದರೂ ಶಮನವು ಕುಂದುವುದು. ಹೆಚ್ಚು ತಪ್ಪಿದರೆ ಗದ್ದಲವು ಇಮ್ಮಡಿಸುವುದು. ಗಾಳಿಯ ಉಷ್ಣತೆ ಬದಲಾದರೆ ಶಬ್ದದ ವೇಗವೂ ಬದಲಾಗುವುದರಿಂದ ಒಮ್ಮೆ ಹೊಂದಿಸಿದುದು ಬಹುಕಾಲ ನಿಲ್ಲದು. 1953ರಲ್ಲಿ ಓಲ್ಸನ್ ಮತ್ತು ಮೇ ಎಂಬ ಅಮೆರಿಕದ ಸಂಶೋಧಕರು ಕುಳಿತವನ ತಲೆಯ ಬಳಿ ಚಿಕ್ಕದೊಂದು ನಿಶ್ಶಬ್ದವಲಯವನ್ನು ಕಲ್ಪಿಸಿದರು. 1956ರಲ್ಲಿ ಕಾನೋವರನು ವಿದ್ಯುತ್ ಪರಿವರ್ತಕದ ಗುಂಯ್‌ಗಾನವನ್ನು, ಎಂದರೆ ಸೆಕೆಂಡಿಗೆ 120 ಕಂಪನಗಳನ್ನೂ ಅದರ ಇಮ್ಮಡಿ ಮುಮ್ಮಡಿಗಳನ್ನೂ, ಎದುರಿಸಿದನು. ಹೊಂದಿಸುವುದೆಲ್ಲ ಕೈಯಿಂದ, ಒಂದು ಕಿರಿದಾದ ದಿಕ್ಕಿನಲ್ಲಿ ಶಾಂತಿ, ಮತ್ತೊಂದು ದಿಕ್ಕಿನಲ್ಲಿ ಮೊದಲಿಗಿಂತ ಹೆಚ್ಚಿನ ಸದ್ದು. ನೆರೆಮನೆಯವನ ಪಾಲಿಗೆ ಇದೆಂತಹ ಉಪಕಾರವೋ! ಲ್ಯೂಗನಿಗೆ ಕೊರತೆಯಾದುದು ಬುದ್ಧಿಯಲ್ಲ. ತಪ್ಪನ್ನು ಕ್ಷಣಕ್ಷಣಕ್ಕೂ ಅಳೆದು ತಿದ್ದಿಕೊಳ್ಳುವ ಸಾಧನ.

ಆ ಸಾಧನವು ಗಣಕಯಂತ್ರದಿಂದ ಬಂದಿತು. 1960ರಲ್ಲಿ ಸ್ಟ್ಯಾನ್‌ಫರ್ಡಿನ ವಿಡ್ರೋ ಮತ್ತು ಹಾಫ್ ಇಬ್ಬರೂ ತಪ್ಪಿನಿಂದಲೇ ಕಲಿಯುತ್ತ ಸಾಗುವ ಗಣನಕ್ರಮವೊಂದನ್ನು ಪ್ರಕಟಿಸಿದರು. 1975ರಲ್ಲಿ ವಿಡ್ರೋ ಮತ್ತು ಸಂಗಡಿಗರು ಅದನ್ನು ಬೇಡದ ಸದ್ದಿನ ನಿವಾರಣೆಗೆ ಅನ್ವಯಿಸಿ ವಿಸ್ತಾರವಾಗಿ ಬರೆದರು. ವಿನೋದವೇನೆಂದರೆ, ಶಮನಕಾರಿಯಾದ ಆ ಯಂತ್ರವೇ ತನ್ನ ಕಾವನ್ನಾರಿಸಲು ಬೀಸಣಿಗೆಯನ್ನು ಹೊತ್ತು ಹೊಸ ಗದ್ದಲಕ್ಕೆ ಕಾರಣವಾಯಿತು. ಏಳು ರೆಕ್ಕೆಯ ಬೀಸಣಿಗೆಯು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 350 ಕಂಪನಗಳ ಸ್ವರವೊಂದು ಹೊರಡುವುದು. ಅದರ ಅಲೆಯ ನೀಳ ಹತ್ತಿರ ಹತ್ತಿರ ಒಂದು ಮೀಟರು. ಲೌಡ್‌ಸ್ಪೀಕರುಗಳನ್ನು ಬೀಸಣಿಗೆಯ ಮಗ್ಗುಲಲ್ಲಿಯೇ ಇಟ್ಟರೆ ಈ ನೀಳದ ಮುಂದೆ ಅವುಗಳ ನಡುವಣ ಅಂತರವು ಅಲ್ಪವಾಗಿ, ಸ್ವರವು ಒಂದು ಬಿಂದುವಿನಲ್ಲಲ್ಲದೆ ಎಲ್ಲ ಕಡೆಯೂ ತಗ್ಗುವುದು. ಕಾನೋವರನಿಗೆ ಒಲಿಯದ ಫಲವಿದು. ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯದ ಗೀ ಮತ್ತು ಸಾಮರ್ಫೆಲ್ಟ್ ಬೀಸಣಿಗೆಯ ಸುತ್ತ ನಾಲ್ಕು ಪುಟ್ಟ ಲೌಡ್‌ಸ್ಪೀಕರುಗಳನ್ನಿರಿಸಿ ಇದನ್ನು ಸಾಧಿಸಿ 2004ರಲ್ಲಿ ಪ್ರಕಟಿಸಿದರು.

ರೆಕ್ಕೆಗಳ ಸ್ವರವು ಸುತ್ತುಸುತ್ತಿಗೂ ಮರುಕಳಿಸುವುದರಿಂದ ಮುಂದಿನ ಅಲೆಯನ್ನು ಊಹಿಸುವುದು ಸುಲಭ. ಗಾಳಿಯ ಸುಳಿಗಳ ಸುಯ್ಲಿಗೆ ಅಂತಹ ನಿಯಮವಿಲ್ಲ. ಸ್ವರವಡಗಿದ ಮೇಲೂ ಅದು ಉಳಿದೇ ಇರುವುದು. ಅದನ್ನು ತಗ್ಗಿಸಲು ಅಗಲವಾದ ಬೀಸಣಿಗೆಯನ್ನು ನಿಧಾನವಾಗಿ ತಿರುಗಿಸುವ ಹಳೆಯ ಉಪಾಯವೇ ಅಗ್ಗದ್ದು.